ಜೋಡೆತ್ತು ದೋಣಿ ಮತ್ತು ಹೊಳೆಯ ಹೂಳು

ಹುಣಸೂರಿನ ಬೈಪಾಸಿನ ಪಕ್ಕದಲ್ಲಿ ಒಂದು ತಗಡಿನ ಶೆಡ್ಡಿದೆ. ಮದುವೆ ಮಂಟಪದ ಫೈಬರ್ ಕಂಬ, ಪಾರ್ಕಿನಲ್ಲಿಡುವ ಬಾಯಿ ತೆರೆದ ಮೊಲ, ನೀರಿನ ಟ್ಯಾಂಕಿನ ಮುಚ್ಚಳ, ಏನು ಕೇಳಿದರೂ ಅಲ್ಲಿ ಮಾಡಿಕೊಡುತ್ತಾರೆ. ಹೋದ ತಿಂಗಳು ನಾನು ಅದರ ಬಾಗಿಲಲ್ಲಿ ಕಾಲಿಟ್ಟೆನೋ ಇಲ್ಲವೋ, ಫೈಬರಿಗೆ ಹಾಕುವ ರೆಸಿನ್ ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ಹಸಿ ಬಣ್ಣವನ್ನೂ ಸೀಮೆಎಣ್ಣೆಯನ್ನೂ ಬೆರೆಸಿ ಕಾಯಿಸಿದಂಥ ವಾಸನೆ. ಅದರಲ್ಲೇ ಹೊಟ್ಟೆ ಹೊರೆದುಕೊಂಡವಳು ನಾನು, ನನಗೇನೂ ಆಗುವುದಿಲ್ಲ. ಅವತ್ತು ಮಾತ್ರ ಹೊರಗೆ ಬಂದು ಬೇಲಿ ಹಿಡಿದುಕೊಂಡು ನಿಂತೆ. ಒಳಗೆ ಮಂಟಪದ ಕಂಬಗಳ ನಡುವೆ ನನ್ನ ದೋಣಿ ಬೋರಲಾಗಿ ಮಲಗಿತ್ತು. ಇನ್ನೊಂದು ಸಲ ಹಿನ್ನೀರಿಗೆ ಇಳಿಸುವ ಮೊದಲು ಅದರ ಹಳೆಯ ಬಿರುಕಿಗೆ ಮತ್ತೆ ತೇಪೆ ಹಾಕಿಸಬೇಕಿತ್ತು.

"ಏನ್ ಮೇಡಂ, ನಿಮ್ಗೂ ವಾಸ್ನೆ ಒಗ್ಗಲ್ವಾ?" ಎಂದು ಶೆಡ್ಡಿನ ಮೇಸ್ತ್ರಿ ನಕ್ಕ.

ಒಗ್ಗದೆ ಏನು. ನನಗೆ ಆಗದೇ ಹೋದದ್ದು ವಾಸನೆಯಲ್ಲ. ಅದರ ಹಿಂದೆ ಬಂದ ಆ ಬೇಸಿಗೆ, ಆ ಬೇಸಿಗೆಯ ಜೊತೆಗೆ ಬಂದ ಸಿದ್ದೇಗೌಡರು ಮತ್ತು ಅವರ ಹೆಂಡತಿ ಜವರಮ್ಮ.

ನನ್ನದು ದೋಣಿ ವಿನ್ಯಾಸ ಮಾಡುವ ಕೆಲಸ. ಸಾಲಿಗ್ರಾಮದಲ್ಲಿ ಹುಟ್ಟಿ, ಕಾವೇರಿಯಲ್ಲಿ ಈಜು ಕಲಿತು, ಕೊಚ್ಚಿಗೆ ಹೋಗಿ ಹಡಗಿನ ಎಂಜಿನಿಯರಿಂಗ್ ಓದಿದವಳು. ಕೃಷ್ಣರಾಜನಗರದ ನಮ್ಮ ಸೋದರತ್ತೆ ಇವತ್ತಿಗೂ ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ, "ಅಷ್ಟೋದಿ ಅರಿಗೋಲು ಮಾಡ್ತಾವಳೆ ಕಣ್ರವ್ವ" ಎಂದು ಮೂಗು ಮುರಿಯುತ್ತಾರೆ. ನಾನೂ ಬಾಯಿ ಸುಮ್ಮನಿಟ್ಟುಕೊಳ್ಳುವವಳಲ್ಲ. "ಒಂದು ನಿಮಗೂ ಮಾಡ್ಕೊಡ್ತೀನಿ ಅತ್ತೆ, ಹತ್ತಿ ಎಲ್ಲಾದ್ರೂ ಹೋಗಿ" ಎನ್ನುತ್ತೇನೆ.

ಆ ವರ್ಷ ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹೆಗ್ಗಡದೇವನಕೋಟೆ ಕಡೆಯ ಹಿನ್ನೀರಿನ ತಳದಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವ ಕೆಲಸ ಅವರಿಗೆ ಸಿಕ್ಕಿತ್ತು. ಅಳೆಯುವ ಬಗೆ ಸರಳ. ದೋಣಿಯ ಅಡಿಯಲ್ಲಿರುವ ಯಂತ್ರ ನೀರಿನೊಳಕ್ಕೆ ಸದ್ದು ಕಳಿಸುತ್ತದೆ. ಅದು ತಳಕ್ಕೆ ಬಡಿದು ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದರಿಂದ ಆಳ ಗೊತ್ತಾಗುತ್ತದೆ. ಹೊಲ ಉಳುವ ಹಾಗೆ ಈ ದಡದಿಂದ ಆ ದಡಕ್ಕೆ ಸಾಲು ಹೊಡೆಯುತ್ತಾ ಹೋದರೆ ತಳದ ನಕ್ಷೆ ಸಿದ್ಧವಾಗುತ್ತದೆ. ಆದರೆ ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕೆಂಪು ನೀರು ನುಗ್ಗಿ ಮಟ್ಟ ಏರುತ್ತದೆ, ಲೆಕ್ಕ ಕೆಡುತ್ತದೆ. ಅಷ್ಟರೊಳಗೆ ಮುಗಿಸಬೇಕು. ಅದಕ್ಕೇ ವೇಗದ ದೋಣಿ ಬೇಕು, ವೇಗದ ದೋಣಿ ಬೇಕು ಎಂದು ನಮ್ಮ ಸಾಹೇಬರು ಬೆಳಗ್ಗೆ ಸಂಜೆ ಜಪ ಮಾಡುತ್ತಿದ್ದರು.

ಒಂದೇ ಒಡಲಿನ ದೋಣಿ ಜೋರಾಗಿ ಓಡಿದರೆ ಮೂತಿ ಎತ್ತುತ್ತದೆ, ಸಣ್ಣ ಅಲೆಗೂ ಅತ್ತಿತ್ತ ಹೊರಳುತ್ತದೆ. ಹೊರಳಿದರೆ ಸದ್ದು ನೇರ ಕೆಳಗೆ ಹೋಗದೆ ಓರೆಯಾಗಿ ಹೋಗಿ ಆಳ ಸುಳ್ಳಾಗುತ್ತದೆ. ಹಾಗಾಗಿ ನಾನು ಎರಡು ತೆಳ್ಳನೆಯ ಉದ್ದ ಒಡಲುಗಳನ್ನು ಪಕ್ಕಪಕ್ಕ ಇಟ್ಟು, ಮೇಲೆ ಅಡ್ಡತೊಲೆ ಹಾಕಿ ಬಿಗಿದೆ. ತೆಳ್ಳಗಿರುವುದರಿಂದ ನೀರನ್ನು ಸೀಳಿಕೊಂಡು ಓಡುತ್ತದೆ. ಎರಡು ಕಾಲು ಅಗಲಿಸಿ ನಿಂತಿರುವುದರಿಂದ ಹೊರಳುವುದಿಲ್ಲ. ಹೆಚ್ಚು ಮುಳುಗದಿರುವುದರಿಂದ ನೀರಡಿಯ ಮರದ ಬೊಡ್ಡೆಗಳ ಮೇಲೂ ಹಾಯುತ್ತದೆ. ಕಾಗದದ ಮೇಲೆ ಎಲ್ಲವೂ ಚೆಂದವಾಗಿತ್ತು.

ಹುಣಸೂರಿನ ಆ ಶೆಡ್ಡಿನಲ್ಲೇ ಒಡಲುಗಳನ್ನು ಎರಕ ಹೊಯ್ಸಿ, ಲಾರಿಯಲ್ಲಿ ಅಂತರಸಂತೆಯ ಆಚೆಗೆ ಸಾಗಿಸಿ, ಹಿನ್ನೀರಿಗೆ ತಾಗಿದ್ದ ಸಿದ್ದೇಗೌಡರ ಹೊಲದ ಅಂಚಿನಲ್ಲಿ ಜೋಡಿಸಿದೆವು. ನಾವು ಅಂದರೆ ನಾನು ಮತ್ತು ದೋಣಿ ಓಡಿಸುವ ಬಸವರಾಜು. ಪಿರಿಯಾಪಟ್ಟಣದವನು, ಹೊಗೆಸೊಪ್ಪು ಬೆಳೆಯುವವರ ಮನೆಯ ಹುಡುಗ, ಮಾತು ಕಮ್ಮಿ, ಕೈ ಚುರುಕು. ಸಿದ್ದೇಗೌಡರು ಅದಕ್ಕೆ ತದ್ವಿರುದ್ಧ. ನಲವತ್ತು ದಾಟಿದ ಗಟ್ಟಿ ಆಳು, ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಮಾತು ಶುರುವಾದರೆ ಎಲೆಅಡಿಕೆಗೂ ಬಿಡುವಿಲ್ಲ. ಜೋಡಿಸಿದ ದೋಣಿಯ ಸುತ್ತ ಒಂದು ಸುತ್ತು ಹಾಕಿ ಸೊಂಟದ ಮೇಲೆ ಕೈಯಿಟ್ಟರು.

"ಇದೇನವ್ವ, ಜೋಡೆತ್ತು ಕಟ್ದಂಗದೆ! ಇವೆರ್ಡು ಎತ್ತು, ಮ್ಯಾಲಿಂದು ನೊಗ. ನೇಗ್ಲೆಲ್ಲಿ?"

"ನೇಗಿಲು ಹೊಟ್ಟೆಯೊಳಗಿದೆ ಗೌಡ್ರೇ, ನಿಮಗೆ ಕಾಣಲ್ಲ" ಎಂದೆ. ಯಂತ್ರವನ್ನು ಬಲಗಡೆಯ ಒಡಲಿನ ತಳಕ್ಕೆ ಕೂರಿಸಿದ್ದೆ.

ಅಲ್ಲಿಂದ ದೋಣಿಯ ಹೆಸರು ಜೋಡೆತ್ತು ಎಂದೇ ನಿಂತಿತು. ಜೋಡೆತ್ತು ಚೆನ್ನಾಗಿಯೇ ಓಡಿತು. ಆದರೆ ವೇಗ ಹತ್ತಿದ ಕೂಡಲೇ ಯಂತ್ರದ ಪರದೆ ಬೆಳ್ಳಗಾಯಿತು. ತಳವಿಲ್ಲ, ಆಳವಿಲ್ಲ, ಹಾಲು ಚೆಲ್ಲಿದ ಹಾಗೆ ಬರೀ ಬಿಳಿ. ಮೂತಿ ನೀರನ್ನು ಸೀಳುವಾಗ ಗಾಳಿಯೂ ಅಡಿಗೆ ಸೇರಿಕೊಂಡು, ಗುಳ್ಳೆಗಳು ಒಡಲಿನ ತಳಕ್ಕೆ ಅಂಟಿಕೊಂಡೇ ಹಿಂದಕ್ಕೆ ಹರಿಯುತ್ತಿದ್ದವು. ಸದ್ದು ಆ ಗುಳ್ಳೆಗಳನ್ನು ದಾಟಲಾರದು. ಓಡಿದರೆ ಕುರುಡು, ಕಣ್ಣು ಬೇಕಾದರೆ ತೆವಳಬೇಕು. ಸಾಹೇಬರಿಗೆ ಫೋನಿನಲ್ಲಿ ಹೇಳಿದರೆ, "ಹಾಗಾದ್ರೆ ನೀನು ಮಾಡಿದ್ದೇನು?" ಎಂದರು. ತಲೆ ಕೆಟ್ಟುಹೋಯಿತು. ಸ್ವಿಚ್ ಆಫ್ ಮಾಡಿ ಫೋನನ್ನು ರಾಗಿ ಮೂಟೆಯ ಮೇಲೆ ಎಸೆದೆ.

ಯೋಚಿಸಿ ಯೋಚಿಸಿ ಕೊನೆಗೆ ದಾರಿ ಹೊಳೆಯಿತು. ಎರಡು ಒಡಲುಗಳ ನಡುವೆ ಜಾಗವಿದೆಯಲ್ಲ, ಅಲ್ಲಿ ಮೇಲಿನ ಹಲಗೆಗೆ ಒಂದು ಕಿಂಡಿ ಕೊರೆದು, ಅದರಲ್ಲಿ ಉದ್ದನೆಯ ಸರಳು ಇಳಿಬಿಟ್ಟು, ಸರಳಿನ ತುದಿಗೆ ಯಂತ್ರ ಕಟ್ಟಿದರೆ ಗುಳ್ಳೆಗಳ ಕೆಳಗೆ ತಿಳಿನೀರು ಸಿಗುತ್ತದೆ. ಬೊಡ್ಡೆಗೆ ಬಡಿದರೆ? ಸರಳಿನ ಕೀಲಿಗೆ ಒಂದು ಮೆದು ಲೋಹದ ಪಿನ್ನು ಹಾಕಿದೆ. ಬಡಿದಾಗ ಪಿನ್ನು ಮುರಿದು ಸರಳು ಹಿಂದಕ್ಕೆ ಮಡಚಿಕೊಳ್ಳಬೇಕು, ದೋಣಿ ಉಳಿಯಬೇಕು. ಹೊಲದ ಅಂಚಿನಲ್ಲೇ ಕಿಂಡಿ ಕೊರೆದು ಅಂಚಿಗೆ ಫೈಬರ್ ಹಾಕಿದೆವು. ರೆಸಿನ್ ಬಕೆಟ್ಟನ್ನು ಕಲಸಿಕೊಟ್ಟವರು ಸಿದ್ದೇಗೌಡರೇ.

"ಈ ಗಬ್ಬುಗೆ ನಮ್ಮೆಮ್ಮೆ ಆಲ್ ಕೊಡಾದ್ ನಿಲ್ಸದೆ. ನನ್ ಹೆಂಡ್ರು ಹತ್ರಕ್ ಬುಟ್ಕತಿಲ್ಲ" ಎಂದರು. ಆಮೇಲೆ ಕಿಂಡಿಯಲ್ಲಿ ಸರಳು ಇಳಿಸಿದ್ದನ್ನು ನೋಡಿ ತೊಡೆ ತಟ್ಟಿಕೊಂಡರು. "ಈಗ್ ಸಿಕ್ತು ನೋಡವ್ವ ನೇಗ್ಲು!"

ಪರದೆಯಲ್ಲಿ ತಳ ಬಂತು. ಪೂರಾ ವೇಗದಲ್ಲಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ. ಅಷ್ಟೇ ಸಾಕಿತ್ತು. ಅವತ್ತು ಸಿದ್ದೇಗೌಡರನ್ನು ಕೂರಿಸಿಕೊಂಡು ಒಂದು ಸಾಲು ಹೊಡೆದೆವು. ಇಡೀ ದಾರಿ ಅವರು ಕಿಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಳಗೆ ಓಡುವ ನೀರನ್ನು ನೋಡಿ ಮಗುವಿನ ಹಾಗೆ ನಗುತ್ತಿದ್ದರು.

ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ಆಚೆ ದಡದಲ್ಲಿ ಎಳೆ ಹುಲ್ಲು ಬರುತ್ತದೆ. ಊರಿನವರು ದನಗಳನ್ನು ಅಲ್ಲೇ ಬಿಟ್ಟು ಹರಿಗೋಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಾರೆ. ಸಿದ್ದೇಗೌಡರೂ ಅವರ ದೊಡ್ಡಪ್ಪ ಮರೀಗೌಡರೂ ದಿನಾ ಹೋಗುತ್ತಿದ್ದರು. ಮರೀಗೌಡರು ವಯಸ್ಸಾದವರು. ಅಣೆಕಟ್ಟೆಯ ನೀರಿನಲ್ಲಿ ಮುಳುಗಿಹೋದ ಊರಿನಲ್ಲಿ ಹುಟ್ಟಿ ಬೆಳೆದವರು. ರೋಹಿಣಿ ಮಳೆ ಹುಟ್ಟಿದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಕಾಕನಕೋಟೆ ಕಾಡಿನ ಮೇಲಿಂದ ಕಪ್ಪಗೆ ಗಾಳಿ ಎದ್ದಿತು. ನಾವು ದಡಕ್ಕೆ ಬಂದು ಜೋಡೆತ್ತನ್ನು ಕಟ್ಟಿಹಾಕುವಷ್ಟರಲ್ಲಿ ಆಲಿಕಲ್ಲು ಸುರಿಯಿತು. ಮಳೆ ನಿಂತ ಮೇಲೆ ಯಾರೋ ಕೂಗಿದರು. ಹರಿಗೋಲು ಬೋರಲಾಗಿ ತೇಲಿಕೊಂಡು ಈಚೆ ದಡದ ಹತ್ತಿರಕ್ಕೆ ಬಂದಿತ್ತು, ಅದರ ಅಂಚು ಹಿಡಿದು ಮರೀಗೌಡರು ನೇತುಬಿದ್ದಿದ್ದರು. ಸಿದ್ದೇಗೌಡರು ಇರಲಿಲ್ಲ.

ಮುದುಕರಿಗೆ ಜ್ವರ ನೆತ್ತಿಗೇರಿತು. ಏನು ಕೇಳಿದರೂ ಒಂದೇ ಮಾತು. "ಒಳೆ ದಾಟ್ತಿದ್ದೊ... ಗಾಳಿ ಬಂತು... ಒಳೇಲೇ ಮಗುಚ್ಕತು... ಅವ್ನು ಕೈ ಬುಟ್ಬುಟ್ಟ." ಇಡೀ ಹಿನ್ನೀರನ್ನು ಈಗಿನವರೆಲ್ಲ ಹೊಳೆ ಎಂದೇ ಕರೆಯುತ್ತಾರೆ. ನಾವೂ ಹಾಗೇ ತಿಳಿದೆವು. ಹೊಳೆ ದಾಟುತ್ತಿದ್ದರು ಅಂದರೆ ದಡದಿಂದ ದಡಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ನಡುವೆ. ಹರಿಗೋಲು ಸಿಕ್ಕಿದ್ದೂ ಈಚೆ ಕಡೆಗೇ. ಪೊಲೀಸರು, ನೀರಿನಡಿಗೆ ಮುಳುಗಿ ಹೆಣ ತೆಗೆಯುವವರು, ಊರಿನವರು ಎಲ್ಲರೂ ಅಲ್ಲೇ ಹುಡುಕಿದರು. ಮುಳುಗುವವರು ತಳದ ತುಂಬ ಸತ್ತ ಮರಗಳ ಕೊಂಬೆ ಎಂದು ಮೈಯೆಲ್ಲ ಗೀರಿಸಿಕೊಂಡು ಮೇಲೆ ಬಂದರು. ಅವರನ್ನು ಬಯ್ಯುವ ಹಾಗಿಲ್ಲ, ಪಾಪ, ಕೈಲಾದಷ್ಟು ಮಾಡಿದರು.

ನಾನು ಸರಳಿನ ತುದಿಗೆ ಇನ್ನೊಂದು ಯಂತ್ರ ಕಟ್ಟಿದೆ. ಅದು ಎರಡು ಪಕ್ಕಕ್ಕೆ ಸದ್ದು ಕಳಿಸಿ ತಳದ ಚಿತ್ರ ತೆಗೆಯುತ್ತದೆ. ಬೊಡ್ಡೆ, ಬಂಡೆ, ಹಳೆಯ ಊರಿನ ಗೋಡೆಗಳ ಪಾಯ, ಎಲ್ಲ ಕಂದು ಬಣ್ಣದ ನೆರಳುಗಳಾಗಿ ಕಾಣುತ್ತವೆ. ಇದಕ್ಕೆ ಇನ್ನೂ ನಿಧಾನ ಬೇಕು. ಅಷ್ಟು ಕಷ್ಟಪಟ್ಟು ವೇಗಕ್ಕೆಂದು ಮಾಡಿದ ದೋಣಿಯನ್ನು ಆ ವಾರವಿಡೀ ಮುದಿ ಎತ್ತಿನ ನಡಿಗೆಯಲ್ಲಿ ಓಡಿಸಿದೆವು. ಸಾಹೇಬರು ಫೋನ್ ಮಾಡಿ, "ಸರ್ವೆ ನಿಂತಿಲ್ಲ ತಾನೇ?" ಎಂದರು. "ಸಾಲು ಹೊಡೀತಾನೇ ಇದ್ದೀವಿ ಸಾರ್" ಎಂದೆ. ಸುಳ್ಳೇನಲ್ಲವಲ್ಲ.

ಜವರಮ್ಮ ದಿನಾ ದಡದಲ್ಲಿ ಕೂತಿರುತ್ತಿದ್ದರು. ಅತ್ತದ್ದನ್ನು ನಾನು ನೋಡಲಿಲ್ಲ. ನಮಗೆ ಮುದ್ದೆ, ಹುರುಳಿ ಸಾರು ತಂದು ಇಟ್ಟು, ನಾವು ಉಂಡ ಮೇಲೆ ಪಾತ್ರೆ ತೊಳೆದು, ಮತ್ತೆ ನೀರಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಹೆಣ ತಾನೇ ಮೇಲೆ ಬರುತ್ತದೆ ಎಂದು ಊರಿನವರು ಕಾದರು. ಬರಲಿಲ್ಲ. ಆಮೇಲೆ ಮೊಸಳೆ ಎಂದು ಪಿಸುಗುಟ್ಟತೊಡಗಿದರು. ಆ ಮಾತು ಜವರಮ್ಮನ ಕಿವಿಗೂ ಬಿತ್ತು. ಅವತ್ತು ಒಂದು ತುತ್ತೂ ಬಾಯಿಗೆ ಹಾಕಲಿಲ್ಲ.

ಒಂದು ದಿನ ಕೇಳಿದರು. "ನಿಮ್ ದೋಣಿ ದಿಟ್ವಾಗೂ ಅಳೀತಿದ್ದದ್ದು ಏನವ್ವ?"

"ಹೂಳು" ಎಂದೆ.

"ಊಳಾದಾ?" ಎಂದು ಬೆಚ್ಚಿದರು. "ಯಾರ್ನ?"

ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನ್ನಿಸಿತು. "ಅಲ್ಲ ಜವರಮ್ಮ, ನೀರಿನ ಜೊತೆ ಬಂದು ತಳದಲ್ಲಿ ಕೂರುತ್ತಲ್ಲ ಮಣ್ಣು, ಅದಕ್ಕೆ ಹೂಳು ಅಂತಾರೆ" ಎಂದೆ.

"ಓ, ಮಣ್ಣಾ" ಎಂದು ಮುಖ ತಿರುಗಿಸಿಕೊಂಡರು. ನಮ್ಮ ಕಡೆ ಮಣ್ಣು ಎಂದರೆ ಶವಸಂಸ್ಕಾರವೂ ಹೌದು. ಮಣ್ಣಿಗೆ ಹೋಗಿದ್ದೆವು, ಮಣ್ಣು ಎಷ್ಟೊತ್ತಿಗೆ ಎನ್ನುತ್ತೇವೆ. ಎರಡು ಮಾತಿನಲ್ಲಿ ಎರಡು ಸಲ ಅವರ ಗಾಯಕ್ಕೆ ಬೆರಳು ಹಾಕಿದ್ದೆ.

ಅವರಿಗೆ ಬೇಕಾಗಿದ್ದದ್ದು ಅದೊಂದೇ. ಗಂಡ ಬದುಕಿ ಬರುವ ಆಸೆಯೇನೂ ಉಳಿದಿರಲಿಲ್ಲ. ಮಣ್ಣು ಮಾಡಬೇಕು, ಆ ಮಣ್ಣಿನ ಮೇಲೆ ಹಾಲುತುಪ್ಪ ಬಿಡಬೇಕು, ಆಮೇಲೆ ಬಳೆ ತೆಗೆದು ಮೂಲೆ ಹಿಡಿದು ಅಳಬೇಕು. ಮನೆಯ ಹಿರಿಯರು ಹುಲ್ಲಿನ ಬೊಂಬೆ ಕಟ್ಟಿ ಮಣ್ಣು ಮಾಡೋಣ ಎಂದರಂತೆ. ಜವರಮ್ಮ ನನ್ನೆದುರಿಗೇ ಅವರ ಮೇಲೆ ಹರಿಹಾಯ್ದರು. "ಹುಲ್ಲಿಗ್ ಮಣ್ ಹಾಕಕ್ಕೆ ನಾನೇನ್ ತಿಪ್ಪೆಗುಂಡಿ ಮುಚ್ತಿದ್ದೀನಾ? ಅವ್ರು ಸಿಗ್ಲಿ. ಸಿಗಗಂಟ ಯಾರೂ ನನ್ ಕೈಬಳೆ ಮುಟ್ಕೂಡ್ದು."

ಮೃಗಶಿರಾ ಮಳೆ ಹತ್ತಿರ ಬಂತು. ವಯನಾಡಿನಲ್ಲಿ ಮಳೆ ಶುರುವಾಗಿದೆ ಎಂದು ಸುದ್ದಿ ಬಂತು. ಒಂದು ಬೆಳಗ್ಗೆ ಹೊಲದ ಅಂಚಿನ ಚಪ್ಪರದಲ್ಲಿ ಕೂತು, ಮೊದಲೇ ಅಳೆದಿದ್ದ ಭಾಗದ ನಕ್ಷೆಯನ್ನು ಬಸವರಾಜುಗೆ ತೋರಿಸುತ್ತಿದ್ದೆ. ಎಲ್ಲ ಕಡೆ ತಿಳಿನೀಲಿ, ಆಚೆ ದಡದ ಪಕ್ಕದಲ್ಲಿ ಮಾತ್ರ ಹಾವಿನ ಹಾಗೆ ಬಳುಕುವ ಒಂದು ಕಡುನೀಲಿ ಗೆರೆ.

"ನೋಡೋ, ಈ ಗೆರೆ ಇದೆಯಲ್ಲ, ಇದೇ ಹೊಳೆ. ಅಣೆಕಟ್ಟೆ ಕಟ್ಟೋ ಮುಂಚೆ ಹರೀತಿದ್ದ ಅಸಲಿ ಹೊಳೆ" ಎಂದೆ.

ಹಿಂದೆ ಪಾತ್ರೆ ಕೆಳಗೆ ಬಿದ್ದ ಸದ್ದಾಯಿತು. ಜವರಮ್ಮ ನಿಂತಿದ್ದರು.

"ಏನಂದೆ? ಒಳೆ ಅಂದ್ರೆ ಇದಾ?"

"ಹೂಂ, ಹಳೇ ಹೊಳೆ."

"ಅಯ್ಯೋ ನನ್ ಶಿವನೇ! ನಮ್ ದೊಡ್ಮಾವ ಅದುನ್ನೇ ಕಣವ್ವ ಒಳೆ ಅನ್ನಾದು! ಇದುನ್ನೆಲ್ಲಾ ನೀರು ಅಂತಾರೆ. ನೀರ್ಗೋಯ್ತೀನಿ, ನೀರ್ತಾವ ಅವ್ನೆ, ಅಂತಾರೆಯೇ ಒರ್ತು ಒಳೆ ಅನ್ನಲ್ಲ. ದಿನಾ ಕೇಳ್ತಿದ್ದೆನಲ್ಲ, ನನ್ ತಲೆಗೂ ಒಳೀನಿಲ್ವಲ್ಲ!"

ಮುದುಕರು ಮೊದಲ ದಿನವೇ ಜಾಗ ಹೇಳಿದ್ದರು. ಅವರ ಪಾಲಿಗೆ ಹೊಳೆ ಇನ್ನೂ ಹೊಳೆಯಾಗಿಯೇ ನೀರಿನ ಅಡಿಯಲ್ಲಿ ಹರಿಯುತ್ತಿತ್ತು. ಹರಿಗೋಲಿನಲ್ಲಿ ಹೋಗುವಾಗಲೂ ಅವರು ಮೊದಲು ಗದ್ದೆ ದಾಟಿ, ಊರು ದಾಟಿ, ಕೊನೆಗೆ ಹೊಳೆ ದಾಟುತ್ತಿದ್ದರು. ನಾವು ಅವರ ಗದ್ದೆಯಲ್ಲಿ ಹುಡುಕುತ್ತಾ ಕೂತಿದ್ದೆವು.

ಜವರಮ್ಮ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಕೂರಿಸಿಕೊಂಡೆವು. ಸರಳನ್ನು ಮೇಲೆತ್ತಿ ಬಸವರಾಜು ಎರಡೂ ಎಂಜಿನ್ನಿನ ಕಿವಿ ಹಿಂಡಿದ. ಜೋಡೆತ್ತು ಅವತ್ತು ಓಡಿದ ಹಾಗೆ ಮತ್ತೆ ಎಂದೂ ಓಡಲಿಲ್ಲ. ಎರಡು ಒಡಲೂ ನೀರನ್ನು ಕತ್ತರಿಸಿಕೊಂಡು, ಹೊರಳದೆ, ಕುಪ್ಪಳಿಸದೆ, ನಾನು ಕಾಗದದ ಮೇಲೆ ಹೇಗೆ ಬರೆದಿದ್ದೆನೋ ಹಾಗೇ ಹೋಯಿತು. ಒಂದು ಗಳಿಗೆ ನನಗೆ ಹೆಮ್ಮೆಯೂ ಆಯಿತು. ಎದುರಿಗೆ ಕೂತಿದ್ದ ಹೆಂಗಸಿನ ಮುಖ ನೋಡಿ ನಾಚಿಕೆಯಾಯಿತು.

ಹಳೇ ಹೊಳೆಯ ತಿರುವಿಗೆ ಬರುವಷ್ಟರಲ್ಲಿ ನೀರಿನ ಬಣ್ಣ ಬದಲಾಗಿತ್ತು. ಕೆಂಪು ನೀರು ಎಳೆ ಎಳೆಯಾಗಿ ಬರುತ್ತಿತ್ತು, ಜೊತೆಗೆ ಬಿದಿರಿನ ಬುಡ, ಕೊಂಬೆ, ಕಾಡಿನ ಕಸ. ಸರಳು ಇಳಿಸಿ ನಿಧಾನ ಮಾಡಿದೆವು. ಪರದೆಯಲ್ಲಿ ಹೊಳೆಯ ದಡ ಬಂತು, ಮರಳು ಬಂತು, ನಿಂತೇ ಸತ್ತ ಒಂದು ದೊಡ್ಡ ಮರ ಬಂತು. ಮರದ ಬುಡದಲ್ಲಿ ಏನೋ ಮಲಗಿತ್ತು. ಆಳುದ್ದ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಪಕ್ಕದಲ್ಲಿ ಅದರ ನೆರಳು.

"ತಿರುಗ್ಸೋ, ಇನ್ನೊಂದು ಸಾಲು, ಆ ಕಡೆಯಿಂದ!" ಎಂದು ಕೂಗಿದೆ. ಒಂದೇ ಕಡೆಯಿಂದ ನೋಡಿದ್ದನ್ನು ನಂಬುವ ಹಾಗಿಲ್ಲ. ಬಸವರಾಜು ತಿರುಗಿಸಿದ. ಅರ್ಧ ದಾರಿಯಲ್ಲಿ ಅರೆಮುಳುಗಿದ ದಿಮ್ಮಿಯೊಂದು ಕೆಂಪು ನೀರಿನೊಳಗಿಂದ ಎದ್ದು ಬಂದು ಎಡ ಒಡಲಿಗೆ ಬಡಿದು, ಒಳಕ್ಕೆ ನುಗ್ಗಿ ಸರಳಿಗೂ ಬಡಿಯಿತು. ಪಿನ್ನು ಮುರಿಯಬೇಕಾದ ಹಾಗೇ ಮುರಿಯಿತು, ಸರಳು ಮಡಚಬೇಕಾದ ಹಾಗೇ ಮಡಚಿತು, ಆದರೆ ಯಂತ್ರದ ತಂತಿ ಕಿತ್ತುಹೋಯಿತು. ಪರದೆ ಕಪ್ಪಾಯಿತು. ಎಡ ಒಡಲಿನ ಬಿರುಕಿನಲ್ಲಿ ನೀರು ಜಿನುಗತೊಡಗಿತು. ಬಟ್ಟೆ ತುರುಕಿಕೊಂಡು ವಾಪಸಾದೆವು.

ಮಾರನೇ ದಿನ ಬೆಳಗಾಗುವಷ್ಟರಲ್ಲಿ ನೀರು ಸಿದ್ದೇಗೌಡರ ಹೊಲದ ಅಂಚನ್ನು ನುಂಗಿತ್ತು. ಮುಳುಗುವವರಿಗೆ ಫೋನ್ ಮಾಡಿದೆ. ಈ ಸೆಳೆತಕ್ಕೆ, ಅಷ್ಟು ಆಳದಲ್ಲಿ, ಮರದ ಬುಡಕ್ಕೆ ಆಗುವುದಿಲ್ಲ ಎಂದರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದರು.

ಪರದೆಯಲ್ಲಿ ಸಿಕ್ಕಿದ್ದ ಒಂದೇ ಒಂದು ಚಿತ್ರವನ್ನು ಜವರಮ್ಮ ಎಷ್ಟೋ ಹೊತ್ತು ನೋಡಿದರು.

"ಅವ್ರೇನಾ?"

"ಗೊತ್ತಿಲ್ಲ ಜವರಮ್ಮ. ಇರಬಹುದು. ಮರ ಮುರಿದು ಬಿದ್ದ ತುಂಡೂ ಇರಬಹುದು."

"ಔದು ಅನ್ನವ್ವ."

ನೋಡದ್ದನ್ನು ನೋಡಿದೆ ಎನ್ನುವುದು ನನ್ನ ಕಸುಬಿನಲ್ಲಿಲ್ಲ, ಆದರೆ ಅವತ್ತು ನನ್ನ ಬಾಯಿ ಕಟ್ಟಿದ್ದು ಕಸುಬಲ್ಲ. ಹೌದು ಎಂದು ನಾನಂದು, ನಾಳೆ ಇನ್ನೆಲ್ಲೋ ಅವರು ತೇಲಿ ಬಂದರೆ ಈ ಹೆಂಗಸು ಎರಡು ಸಲ ಸಾಯಬೇಕಾಗುತ್ತದೆ ಎನ್ನಿಸಿತು. "ಗೊತ್ತಿಲ್ಲ" ಎಂದೇ ಇನ್ನೊಂದು ಸಲ ಹೇಳಿದೆ.

"ಮರುಕ್ಕೆ ಆಲುತುಪ್ಪ ಬುಡಕ್ಕಾಯ್ತದಾ" ಎಂದು ಎದ್ದು ಹೋದರು. ನಾವು ದೋಣಿ ಬಿಚ್ಚಿ ಲಾರಿಗೆ ಏರಿಸುವಾಗಲೂ ಹೊರಗೆ ಬರಲಿಲ್ಲ.

ಇಷ್ಟು ವರ್ಷವಾಯಿತು. ಕಂಪನಿ ಬದಲಾಯಿಸಿದೆ. ಆದರೆ ಜೋಡೆತ್ತು ಯಾರ ಯಾರ ಕೈ ದಾಟಿ ಹೊಸ ಕಂಪನಿಗೇ ಬಂತು. ಅದೇ ಹಿನ್ನೀರಿನಲ್ಲಿ ಮತ್ತೆ ಹೂಳು ಅಳೆದು, ಹೋದ ಸಲಕ್ಕಿಂತ ಎಷ್ಟು ಏರಿದೆ ಎಂದು ಹೋಲಿಸುವ ಕೆಲಸವೂ ಬಂತು. ಬಿರುಕು ಮುಚ್ಚಿಸಿಕೊಂಡು, ಆ ವಾಸನೆಯನ್ನೂ ಹೊತ್ತುಕೊಂಡು, ನಾನೂ, ನಾನು ಕರೆಸಿಕೊಂಡ ಬಸವರಾಜುವೂ ಹಳೆಯ ದಡಕ್ಕೆ ಹೋದೆವು. ಮರೀಗೌಡರು ತೀರಿಕೊಂಡಿದ್ದರು. ಜವರಮ್ಮ ಬಳೆ ತೊಟ್ಟೇ ಇದ್ದರು. ಹಣೆಯ ಮೇಲೆ ಕುಂಕುಮವೂ ಇತ್ತು. ಊರಿನ ಹೆಂಗಸರು ಆ ಕುಂಕುಮಕ್ಕೆ ಏನೇನು ಆಡಿಕೊಂಡಿರಬೇಕೆಂದು ನಾನು ಊಹಿಸಬಲ್ಲೆ. ನನ್ನನ್ನು ನೋಡಿ, "ಬಂದ್ಯಾ? ಬಡವಾಗಿದ್ದೀಯ" ಎಂದು ಮುದ್ದೆಗೆ ಎಸರಿಟ್ಟರು.

ಉಂಡಾದ ಮೇಲೆ ಮಾತು ಬಂತು. ಆ ಬೇಸಿಗೆಯಲ್ಲಿ ಇನ್ನೂ ಲಂಗ ಹಾಕುತ್ತಿದ್ದ ಅವರ ಮಗಳಿಗೆ ಈಗ ಗಂಡು ಗೊತ್ತಾಗಿದೆ. ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರಿನ ಹಿಂದೆ ದಿವಂಗತ ಎಂದು ಹಾಕಿಸಬೇಕೋ ಬೇಡವೋ ಎಂದು ಮನೆಯಲ್ಲಿ ದಿನಾ ರಂಪ. ಹಾಕಿಸಿದರೆ ಮಣ್ಣೆಲ್ಲಿ ಮಾಡಿದಿರಿ, ತಿಥಿ ಯಾವತ್ತು ಎಂದು ಬೀಗರು ಕೇಳುತ್ತಾರೆ. ಹಾಕಿಸದಿದ್ದರೆ ಧಾರೆ ಎರೆಯಲು ಬಾ ಎಂದು ಯಾರನ್ನು ಕರೆಯುವುದು?

"ಇನ್ನೊಂದ್ ಕಿತ ನೋಡವ್ವ" ಎಂದರು. "ಅದೇ ಜಾಗ."

ಬೆಳಗ್ಗೆ ಕೈಯಲ್ಲೊಂದು ಬಟ್ಟೆಚೀಲ ಹಿಡಿದು ದೋಣಿ ಹತ್ತಿದರು. ಚೀಲದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ನೀರು ತಿಳಿಯಾಗಿತ್ತು, ಗಾಳಿಯಿರಲಿಲ್ಲ. ಹಳೇ ಹೊಳೆಯ ತಿರುವಿನಲ್ಲಿ ಈ ಕಡೆಯಿಂದ ಒಂದು ಸಾಲು, ಆ ಕಡೆಯಿಂದ ಒಂದು ಸಾಲು ಹೊಡೆದೆವು. ದಡ ಬಂತು, ಸತ್ತ ಮರ ಬಂತು, ಕುಳ್ಳಗಾಗಿತ್ತು. ಮರದ ಬುಡದಲ್ಲಿ ಏನೂ ಇರಲಿಲ್ಲ. ಸಾರಿಸಿದ ನೆಲದ ಹಾಗೆ ಸಪಾಟು. ಹಳೆಯ ಆಳವನ್ನೂ ಹೊಸ ಆಳವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

"ಏನೂ ಕಾಣಲ್ಲ ಜವರಮ್ಮ. ಹೂಳು ತುಂಬಿದೆ."

"ಏಟು?"

ನಾನು ಎದ್ದು ನಿಂತು ತೊಡೆಯ ಮೇಲೆ ಕೈಯಿಟ್ಟು ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು.

"ಮ್ಯಾಲೆ ಅಷ್ಟ್ ಮಣ್ ಬಿದ್ದದಾ?"

"ಹೂಂ."

"ಮೊಸ್ಳೆ ಗಿಸ್ಳೆ ಕೆದ್ಕಿಲ್ವಾ?"

"ಕೆದಕಿದ ಗುರುತಿಲ್ಲ. ಮಣ್ಣು ಸಮವಾಗಿ ಕೂತಿದೆ."

ಅವರೇನಾ ಎಂದು ಈ ಸಲವೂ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ.

"ಅಂಗಾರೆ ಮಣ್ಣಾಯ್ತು" ಎಂದರು. ಆಮೇಲೆ ಇನ್ನೊಂದು ಸಲ, ತಮಗೇ ಹೇಳಿಕೊಳ್ಳುವ ಹಾಗೆ, "ಮಣ್ಣಾಯ್ತು ಬುಡು."

ಎಂಜಿನ್ ನಿಲ್ಲಿಸಿದೆವು. ನಾನು ಸರಳನ್ನು ಮೇಲೆತ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ಕಿಂಡಿ ಖಾಲಿಯಾಯಿತು. ಜವರಮ್ಮ ಅದರ ಪಕ್ಕದಲ್ಲಿ, ಅವರ ಗಂಡ ಕೂತಿದ್ದ ಹಾಗೇ, ಕುಕ್ಕರಗಾಲಲ್ಲಿ ಕೂತು ಚೀಲದಿಂದ ಎರಡು ಸ್ಟೀಲ್ ಡಬ್ಬಿ ತೆಗೆದರು. ಒಂದರಲ್ಲಿ ಹಾಲು, ಒಂದರಲ್ಲಿ ತುಪ್ಪ. ಕಿಂಡಿಯಲ್ಲಿ ಕೈ ಇಳಿಬಿಟ್ಟು ಹಾಲು ಬಿಟ್ಟರು. ಎರಡು ಒಡಲುಗಳ ನಡುವೆ ನೀರು ಅಲುಗದೆ ನಿಂತಿತ್ತು, ಹಾಲು ಎತ್ತಲೂ ಹರಿಯದೆ ಅಲ್ಲೇ ಬೆಳ್ಳಗೆ ಇಳಿಯಿತು. ಮೇಲೆ ತುಪ್ಪದ ಹನಿಗಳು ತೇಲಿದವು. ಆಮೇಲೆ ಅವರು ಕಿಂಡಿಯ ಫೈಬರ್ ಅಂಚಿಗೆ ಮುಂಗೈ ಬಡಿದರು. ಬಳೆ ಒಡೆದ ಚೂರುಗಳು ನೀರಿಗೆ ಬಿದ್ದವು. ಆಮೇಲೆ ಅತ್ತರು. ನನಗೆ ತಡೆದುಕೊಳ್ಳಲಾಗಲಿಲ್ಲ, ನಾನೂ ಅತ್ತೆ.

ಬಹಳ ಹೊತ್ತಾದ ಮೇಲೆ ಬಸವರಾಜು ಮೆಲ್ಲಗೆ, "ಸ್ಟಾರ್ಟ್ ಮಾಡ್ಲಾ ಮೇಡಂ?" ಎಂದು ಎಂಜಿನ್ನಿನ ಕೀಲಿಗೆ ಕೈ ಹಾಕಿದ.

"ಬೇಡ ಕಣೋ" ಎಂದೆ. "ಹುಟ್ಟು ತಗೋ."

ಅವನೊಂದು ಕಡೆ, ನಾನೊಂದು ಕಡೆ ಕೂತು, ಆ ವೇಗದ ದೋಣಿಯನ್ನು ದಡದವರೆಗೂ ಹುಟ್ಟು ಹಾಕಿಕೊಂಡು ಬಂದೆವು.